ಪಿಂಚಣಿದಾರರ ಬಸವನಗುಡಿ

ನವೆಂಬರ್ ಬಂತೆಂದರೆ ಬಸವನಗುಡಿಯ ಹಿರಿಯರಿಗೆ ಎರಡು ಕೆಲಸ ಕಾದಿರುತ್ತವೆ. ಒಂದು, ಬ್ಯಾಂಕಿಗೆ ಹೋಗಿ ತಾವಿನ್ನೂ ಬದುಕಿದ್ದೇವೆ ಎಂದು ಬರೆದುಕೊಡುವುದು. ಇನ್ನೊಂದು, ಕಾರ್ತಿಕದ ಕಡೇ ಸೋಮವಾರ ದೊಡ್ಡ ಬಸವಣ್ಣನಿಗೆ ಕೈಮುಗಿದು ಪರಿಷೆಯಲ್ಲಿ ಸೇರು ಕಡಲೆಕಾಯಿ ಕೊಳ್ಳುವುದು. ಪರಿಷೆ ಕೆಲವು ವರ್ಷ ಡಿಸೆಂಬರಿಗೆ ಜಾರುವುದುಂಟು. ಬ್ಯಾಂಕಿನವರು ಮಾತ್ರ ಅಷ್ಟು ಸಡಿಲ ಬಿಡುವುದಿಲ್ಲ. ಜೀವಿತ ಪ್ರಮಾಣಪತ್ರವನ್ನು ಈಗ ಮೊಬೈಲಿಗೆ ಮುಖ ತೋರಿಸಿಯೂ ಕೊಡಬಹುದು. ಆದರೂ ಬ್ಯಾಂಕಿಗೇ ನಡೆದುಹೋಗುವವರು ಇದ್ದಾರೆ. ಈ ಸಲ ಯಾರು ಬಂದಿದ್ದಾರೆ, ಯಾರು ಕಾಣಿಸಲಿಲ್ಲ ಎಂಬ ಲೆಕ್ಕ ಮೊಬೈಲಿನಲ್ಲಿ ಸಿಗುವುದಿಲ್ಲವಲ್ಲ.

ಬಡಾವಣೆ ಬೆಳೆದದ್ದೇ ಸಾವಿನ ಭಯದಿಂದ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿಯಿತು. ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಇಲಿ ಬಿದ್ದರೆ ಮನೆಮಂದಿ ಗಂಟುಮೂಟೆ ಕಟ್ಟುತ್ತಿದ್ದ ಕಾಲ. ದಕ್ಷಿಣಕ್ಕೆ ಬಸವನಗುಡಿ, ವಾಯವ್ಯಕ್ಕೆ ಮಲ್ಲೇಶ್ವರ, ಹೀಗೆ ಎರಡು ಹೊಸ ಬಡಾವಣೆಗಳು ಆಗ ವೇಗವಾಗಿ ಎದ್ದವು: ನೇರ ಬೀದಿಗಳು, ಗಾಳಿಬೆಳಕಿನ ನಿವೇಶನಗಳು. ಅದಕ್ಕೂ ಮೊದಲು ಇಲ್ಲಿದ್ದದ್ದು ಸುಂಕೇನಹಳ್ಳಿ ಮತ್ತು ಕೆಂಪೇಗೌಡರ ಕಾಲದ್ದೆನ್ನುವ ಬಸವನ ಗುಡಿ. ನಿವೇಶನಗಳನ್ನು ಜಾತಿವಾರು ಹಂಚಿದ್ದರೆಂಬುದನ್ನು ಊರಿನ ಗುಣಗಾನ ಮಾಡುವವರು ಮೆಲ್ಲಗೆ ದಾಟಿಸಿಬಿಡುತ್ತಾರೆ. ಯಾರ ಜಗಲಿಯ ಮೇಲೆ ಯಾರು ಕೂರಬಹುದು ಎಂಬುದು ಬಹುಕಾಲ ಆ ನಕ್ಷೆಯಲ್ಲೇ ಬರೆದಿತ್ತು.

ಸರ್ಕಾರಿ ಕಚೇರಿಯಲ್ಲಿ ದುಡಿದವರು, ಮೇಷ್ಟ್ರುಗಳು, ವಕೀಲರು ಇಲ್ಲಿ ಮನೆ ಕಟ್ಟಿದರು. ಬೆಂಗಳೂರಿಗೆ ಪಿಂಚಣಿದಾರರ ಸ್ವರ್ಗವೆಂಬ ಹೆಸರು ಬಂದದ್ದು ಇಂಥವರಿಂದ. ಸ್ವರ್ಗವೆಂದರೆ ಕೈಕಟ್ಟಿ ಕೂರುವ ಜಾಗವೆಂದು ತಿಳಿಯಬಾರದು. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ತಮಗಿಂತ ಕಿರಿಯರಿಗೆ ಮೇಲಿನ ಪದವಿ ದೊರೆತಾಗ ಮೈಸೂರು ಸರ್ಕಾರದ ಕೆಲಸ ಬಿಟ್ಟುಬಂದರು. ಆಮೇಲೆ ಗವಿಪುರದ ಮನೆಯಲ್ಲಿ ಅವರು ಕಳೆದದ್ದು ಸುಮಾರು ನಾಲ್ಕು ದಶಕ. 'ಜೀವನ' ಪತ್ರಿಕೆ ನಡೆಸಿದ್ದು, 'ಚಿಕವೀರ ರಾಜೇಂದ್ರ' ಬರೆದದ್ದು ಎಲ್ಲ ಆ ಅವಧಿಯಲ್ಲೇ. 1983ರ ಜ್ಞಾನಪೀಠ ಬಂದಾಗ ಅವರಿಗೆ ತೊಂಬತ್ತು ದಾಟಿತ್ತು. ಹಾಗೆಂದು ಹಗಲಿರುಳು ಬರೆಯುತ್ತಲೇ ಇದ್ದರೇ? ಇಲ್ಲ. ಸಂಜೆಯಾದರೆ ಬಸವನಗುಡಿಯ ಕ್ಲಬ್ಬಿಗೆ ಹೋಗಿ ಗೆಳೆಯರೊಡನೆ ಇಸ್ಪೀಟಾಡುತ್ತಿದ್ದರು.

ಡಿ.ವಿ. ಗುಂಡಪ್ಪನವರದು ಬೇರೆ ಜಾಯಮಾನ. ಸರ್ಕಾರಿ ನೌಕರಿ ಹಿಡಿಯದ ಪತ್ರಕರ್ತನಿಗೆ ನಿವೃತ್ತಿ ಎಲ್ಲಿಂದ ಬರಬೇಕು? ಬೇರೆಯವರು ಕಡತ ಕಟ್ಟಿಟ್ಟು ಮನೆಗೆ ಹೋಗುವ ವಯಸ್ಸಿನಲ್ಲಿ, 1945ರಲ್ಲಿ, ಅವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಆರಂಭಿಸಿದರು. ಮುಂದೆ ಅಲ್ಲಿ ಅವರು ಮಾಡಿದ ಗೀತೆಯ ಪ್ರವಚನಗಳು ಪುಸ್ತಕವಾಗಿ, ಅದಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆಗ ಅವರಿಗೆ ಎಂಬತ್ತು. ಅದೇ 1945ರಲ್ಲಿ ಬಿ.ಪಿ. ವಾಡಿಯಾ ಅವರ ವಿಶ್ವ ಸಂಸ್ಕೃತಿ ಸಂಸ್ಥೆಯೂ ಇದೇ ಬಸವನಗುಡಿಯಲ್ಲಿ ಹುಟ್ಟಿತು. ಪಾರ್ಸಿ ಕುಟುಂಬದಿಂದ ಬಂದ ಥಿಯಾಸಫಿಸ್ಟರು ಅವರು. ಅಲ್ಲಿನ ಗ್ರಂಥಾಲಯ, ಉಪನ್ಯಾಸ, ಕಚೇರಿಗಳಿಗೆ ಗಿರಾಕಿಗಳು ಹೆಚ್ಚಾಗಿ ಬಿಳಿತಲೆಯವರೇ.

ಇನ್ನು ತಿಂಡಿಯ ಮಾತು. 1943ರ ಸುಮಾರಿಗೆ ಗಾಂಧಿಬಜಾರಿನಲ್ಲಿ ತೆರೆದ ವಿದ್ಯಾರ್ಥಿ ಭವನಕ್ಕೆ ಆ ಹೆಸರು ಬಂದದ್ದು ಸುತ್ತಲಿನ ಶಾಲೆಗಳ ಹುಡುಗರಿಂದ. ಆ ಹುಡುಗರು ಅಜ್ಜಂದಿರಾದರು, ಹೆಸರು ಹಾಗೇ ಉಳಿಯಿತು. ವಾರದ ದಿನಗಳಲ್ಲಿ ಸಾಗುವಷ್ಟು ದೋಸೆ, ಸಾಗುವಷ್ಟು ಮಾತು; ಶುಕ್ರವಾರ ಭವನಕ್ಕೆ ರಜೆ.

ಬೀದಿಯ ಸುದ್ದಿಗೆ ಕಚೇರಿಯೆಂದರೆ ಕೃಷ್ಣರಾವ್ ಪಾರ್ಕು ಮತ್ತು ಬ್ಯೂಗಲ್ ರಾಕ್. ಬೆಳಗ್ಗೆ ಎರಡು ಸುತ್ತು ಹಾಕಿ ಬೆಂಚಿಗೆ ಕೂತರೆ ಮಂಡಿನೋವಿನಿಂದ ಆರಂಭವಾಗಿ ಮೊಮ್ಮಗಳ ವೀಸಾದವರೆಗೆ ಎಲ್ಲವೂ ವಿಚಾರಣೆಗೆ ಬರುತ್ತದೆ. ಇತ್ತೀಚೆಗೆ ಹೆಚ್ಚು ಕೇಳುವುದು ಮನೆಗಳ ಸುದ್ದಿ: ಯಾರು ಬಿಲ್ಡರಿಗೆ ಕೊಟ್ಟರು, ಎಷ್ಟು ಫ್ಲ್ಯಾಟ್ ಬಂತು, ಅಂಗಳದ ಮಾವಿನಮರ ಕಡಿದರೋ ಉಳಿಸಿಕೊಂಡರೋ. ಗಾಂಧಿಬಜಾರಿನ ರಸ್ತೆ ಅಗೆದು ಕಾಲುದಾರಿ ಅಗಲ ಮಾಡುವಾಗಲೂ ಇಲ್ಲಿ ಪರ ವಿರೋಧದ ಎರಡು ಪಕ್ಷಗಳೇ ಇದ್ದವು. ದಿನವೂ ಬರುವವರೊಬ್ಬರು ಎರಡು ದಿನ ಕಾಣದಿದ್ದರೆ ಮೂರನೆಯ ದಿನ ಫೋನು ಹೋಗುತ್ತದೆ. ಮಕ್ಕಳೆಲ್ಲ ಹೊರದೇಶದಲ್ಲಿರುವ ಮನೆಗಳಿಗೆ ಈ ಫೋನಿನ ಬೆಲೆ ಗೊತ್ತು.

ಬೆಂಚುಗಳ ಮೇಲೆ ಹೆಂಗಸರು ಕಡಿಮೆ. ಅಡುಗೆಮನೆಯಿಂದ ಯಾರೂ ನಿವೃತ್ತಿ ಕೊಡುವುದಿಲ್ಲವಷ್ಟೆ! ಅವರ ಬಿಡುವು ಸಂಜೆಯದು, ಅದು ಸಲ್ಲುವುದು ಭಜನಾ ಮಂಡಳಿಗೆ. ದೇವರನಾಮದ ಹೊಸ ರಾಗ ಕಲಿಯುವುದು, ಲಲಿತಾ ಸಹಸ್ರನಾಮ, ನಡುವೆ ಸೊಸೆಯ ವಿಚಾರ, ಯಾರದೋ ಕಣ್ಣಿನ ಪೊರೆಯ ಆಪರೇಷನ್. ದಾಸರ ಪದದಿಂದ ಡಾಕ್ಟರ ಫೀಸಿಗೆ ಬರಲು ಒಂದು ಉಸಿರು ಸಾಕು. ಇದನ್ನು ನೋಡಿ ಭಕ್ತಿ ಸಾಲದೆನ್ನುವವರೂ ಇದ್ದಾರೆ. ಆದರೆ ಬಸವನಗುಡಿಯ ಮುಪ್ಪಿನ ಭಕ್ತಿ ಮೊದಲಿನಿಂದಲೂ ಜನರ ನಡುವಿನದೇ, ಮೂಲೆಯಲ್ಲಿ ಕಣ್ಣುಮುಚ್ಚಿ ಕೂರುವಂಥದ್ದಲ್ಲ. ರಾಮನವಮಿಯ ಪಾನಕ, ಕೋಸಂಬರಿ; ಆ ದಿನಗಳಲ್ಲಿ ಪಕ್ಕದ ಚಾಮರಾಜಪೇಟೆಯ ಕೋಟೆ ಹೈಸ್ಕೂಲು ಮೈದಾನದ ಸಂಗೀತ; ಶ್ರಾವಣದಲ್ಲಿ ರಾಯರ ಆರಾಧನೆಯ ಮೂರು ದಿನದ ಊಟ; ದೊಡ್ಡ ಗಣಪತಿಯ ಬೆಣ್ಣೆ ಅಲಂಕಾರ. ಒಂಟಿಯಾಗಿ ಮಾಡಬೇಕಾದದ್ದು ಇದರಲ್ಲಿ ಒಂದೂ ಇಲ್ಲ.

ಪ್ರವಚನ ಮುಗಿದು ಮಂಗಳಾರತಿಯಾದ ಮೇಲೆ ಮಠದ ಬಾಗಿಲಲ್ಲಿ ಚಪ್ಪಲಿ ಹುಡುಕುವ ಗದ್ದಲ ಶುರುವಾಗುತ್ತದೆ. ಸುದ್ದಿಯೆಲ್ಲ ಹೊರಬೀಳುವುದು ಆಗಲೇ.

"ಏನ್ರೀ ರಾಯರೇ, ಮನೆ ಕೊಟ್ಟುಬಿಟ್ರಂತೆ?"

"ಯಾರು ಹೇಳಿದ್ದು? ಮಾತುಕತೆ ನಡೀತಿದೆ ಅಷ್ಟೆ. ನಿಮ್ಮ ಮಂಡಿ ಹೇಗಿದೆ, ಅದು ಹೇಳಿ."