ಮಲ್ಲರ ಆಹಾರ ಮತ್ತು ಆತ್ಮಭಾವನೆ: ಕಲ್ಯಾಣದಿಂದ ಆಧುನಿಕ ವ್ಯಾಯಾಮಶಾಲೆಯವರೆಗೆ

ವ್ಯಾಯಾಮವು ದೇಹವನ್ನಷ್ಟೇ ಅಲ್ಲ, ‘ನಾನು ಯಾರು’ ಎಂಬ ಭಾವನೆಯನ್ನೂ ರೂಪಿಸುತ್ತದೆ. ಈ ಭಾವನೆಯು ಕೆಲವರಲ್ಲಿ ಊಟದ ಕ್ರಮವನ್ನೇ ಕೆಡಿಸುವುದನ್ನು ಮನೋವೈದ್ಯರು ಗುರುತಿಸಿದ್ದಾರೆ. ಈ ಸಂಬಂಧದ ಹಿನ್ನೆಲೆಯನ್ನು ಕನ್ನಡ ನಾಡಿನ ಹಾಗೂ ಹಿಂದಿನ ಹೈದರಾಬಾದ್ ಸಂಸ್ಥಾನದ ಆಧಾರಗಳಿಂದ ಪರಿಶೀಲಿಸಲು ಇಲ್ಲಿ ಯತ್ನಿಸಿದ್ದೇವೆ.

1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ ಜಿಲ್ಲೆಯ ಬಸವಕಲ್ಯಾಣವು ಒಮ್ಮೆ ಚಾಲುಕ್ಯರ ರಾಜಧಾನಿ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ವು 12ನೆಯ ಶತಮಾನದ್ದು. ಅದರ ಮಲ್ಲವಿನೋದ ಪ್ರಕರಣವು ಮಲ್ಲರನ್ನು ವಯಸ್ಸು, ಬಲಗಳಿಗನುಗುಣವಾಗಿ ವಿಂಗಡಿಸಿ, ಅವರ ಸಾಧನೆ ಮತ್ತು ಆಹಾರಗಳನ್ನು ವಿವರಿಸುತ್ತದೆ. ಮಲ್ಲನ ಪೋಷಣೆ ಇಲ್ಲಿ ಅರಸನ ಹೊಣೆ. ಎಷ್ಟು ಉಣ್ಣಬೇಕೆಂಬ ಅಳತೆ ಹೊರಗಿನಿಂದ ಬಂದುದು.

ಹೈದರಾಬಾದ್ ನಗರದ ತಾಲೀಮುಗಳಲ್ಲೂ, ನಿಜಾಮರ ಅರಬ್ ಸೈನಿಕರ ಸಂತತಿಯವರು ನೆಲೆಸಿರುವ ಬಾರ್ಕಸ್‌ನ ಕುಸ್ತಿ ಅಖಾಡಗಳಲ್ಲೂ ಈ ಬಗೆಯ ಸಾಮೂಹಿಕ ಶಿಸ್ತನ್ನು ಕಾಣಬಹುದು. ‘ತಾಲೀಮು’ ಎಂಬ ಪದವೇ ಶಿಕ್ಷಣವೆಂಬ ಅರ್ಥದ ಅರಬ್ಬೀ ಮೂಲದ್ದೆಂಬುದು ಗಮನಾರ್ಹ. ಹಾಲು, ತುಪ್ಪ, ಬಾದಾಮಿಗಳ ಆಹಾರವು ಮಲ್ಲನ ಶೀಲದ ಭಾಗವೆಂಬುದನ್ನು ಜೋಸೆಫ್ ಆಲ್ಟರ್ 1992ರ ತಮ್ಮ ಗ್ರಂಥದಲ್ಲಿ, ಬನಾರಸಿನ ಅಖಾಡಗಳನ್ನು ಆಧರಿಸಿ ತೋರಿಸಿದ್ದಾರೆ. ಆದರೆ ಗರಡಿಯನ್ನು ಆದರ್ಶವೆಂದು ಬಗೆಯುವುದೂ ಸಲ್ಲದು: ಆಶ್ರಯ ತಪ್ಪಿದ ಪೈಲವಾನನಿಗೆ ಆ ಊಟವೇ ಹೊರೆ, ಸಾಮು ನಿಂತ ಬಳಿಕ ಅದೇ ಊಟ ದೇಹಕ್ಕೆ ಮುಳುವು.

ಇಪ್ಪತ್ತನೆಯ ಶತಮಾನದಲ್ಲಿ ಅಳತೆಗೋಲು ಬದಲಾಯಿತು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃ ಕೆ.ವಿ. ಅಯ್ಯರ್ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ನಡೆಸಿದರು. 1930ರಲ್ಲಿ ‘ಮಸಲ್ ಕಲ್ಟ್’ ಎಂಬ ಇಂಗ್ಲಿಷ್ ಪುಸ್ತಕವನ್ನು ಪ್ರಕಟಿಸಿದರು. ಅಂಚೆಯ ಮೂಲಕವೂ ಶಿಕ್ಷಣ ನೀಡಿದರು. ಅವರ ಆಶಯ ಆರೋಗ್ಯವೇ ಆಗಿತ್ತು. ಆದರೆ ಅಂಚೆಯ ಶಿಷ್ಯನ ಬಳಿ ಉಸ್ತಾದನಿಲ್ಲ, ಜೋಡಿಯಿಲ್ಲ. ಇರುವುದು ಛಾಯಾಚಿತ್ರ, ಕನ್ನಡಿ ಮಾತ್ರ. ಗೆಲುವು ಸೋಲುಗಳನ್ನು ಅಖಾಡದ ಮಣ್ಣು ನಿರ್ಣಯಿಸುತ್ತಿತ್ತು. ಕನ್ನಡಿಯ ನಿರ್ಣಯಕ್ಕೆ ಕೊನೆಯೆಂಬುದಿಲ್ಲ.

1993ರಲ್ಲಿ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು ಅಮೆರಿಕದ ದೇಹದಾರ್ಢ್ಯಪಟುಗಳಲ್ಲಿ, ಕಟ್ಟುಮಸ್ತಾಗಿದ್ದೂ ತಾವು ಕೃಶರೆಂದು ನಂಬುವವರನ್ನು ಗುರುತಿಸಿದರು. ತಿನ್ನದೆ ಕೃಶವಾಗುವ ಅನೊರೆಕ್ಸಿಯಾ ವ್ಯಾಧಿಗೆ ಇದು ತಿರುವುಮುರುವೆಂದು ಅವರು ಕಂಡರು. ಅನಂತರ ಇದಕ್ಕೆ ‘ಮಸಲ್ ಡಿಸ್ಮಾರ್ಫಿಯ’ ಎಂಬ ಹೆಸರು ಬಂದಿತು. ಇಂಥವರಲ್ಲಿ ಕಟ್ಟುನಿಟ್ಟಾದ ಪಥ್ಯ, ಬಿಡಲಾಗದ ವ್ಯಾಯಾಮ, ಇತರರೊಡನೆ ಉಣ್ಣಲು ಹಿಂಜರಿಕೆ ಕಾಣಬರುತ್ತವೆ.

ಪ್ರಾಚೀನ ಮಲ್ಲರಿಗೆ ಆಧುನಿಕ ವ್ಯಾಧಿಯ ಹೆಸರು ಹಚ್ಚುವುದು ಚರಿತ್ರೆಯ ಕ್ರಮವಲ್ಲ. ಹೆಚ್ಚು ಉಣ್ಣುವುದಾಗಲಿ ಹೆಚ್ಚು ದಣಿಯುವುದಾಗಲಿ ತಾನಾಗಿಯೇ ವ್ಯಾಧಿಯಲ್ಲ. ವ್ಯಕ್ತಿಯ ಬೆಲೆಯೆಲ್ಲ ಮೈಯ ಆಕಾರಕ್ಕೆ ಇಳಿದು, ಊಟವು ಆ ಬೆಲೆಯ ದಿನನಿತ್ಯದ ಪರೀಕ್ಷೆಯಾದಾಗ ಅಪಾಯ ಹೆಚ್ಚುತ್ತದೆಂದು ನಾವು ಭಾವಿಸುತ್ತೇವೆ. ಆದ್ದರಿಂದ ಗರಡಿಗಳ ಚರಿತ್ರೆಯನ್ನು ಬರೆಯುವವರು ಏನು ಉಂಡರು ಎಂಬುದರೊಡನೆ, ಯಾರ ಅಳತೆಗೆ ಉಂಡರು ಎಂಬುದನ್ನೂ ಕೇಳಬೇಕಾಗಿದೆ.