ಕುದುರೆಯ ಮೇಲೆ ಗಿಟಾರು: ಹಾಲಿವುಡ್ಡಿನ ಹಾಡುವ ಕೌಬಾಯ್‌ಗಳು

ಕೌಬಾಯ್ ಎಂಬ ಪದ ಕಿವಿಗೆ ಬಿದ್ದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣೆದುರು ನಿಲ್ಲುವ ಚಿತ್ರ ಒಂದೇ: ಗಡ್ಡ ಬೆಳೆದ, ಮಾತು ಕಡಿಮೆಯಾದ, ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡ ಒಂಟಿ ಸವಾರ. ಇದು ಬಹುಮಟ್ಟಿಗೆ 1960ರ ದಶಕದ ಸಿನಿಮಾಗಳು ಕೊಟ್ಟ ಚಿತ್ರ. ಅದಕ್ಕೂ ಮೊದಲು, 1935ರಿಂದ 1953–54ರವರೆಗೆ, ಅಮೆರಿಕದ ಹಳ್ಳಿ ಮತ್ತು ಸಣ್ಣ ಊರುಗಳ ಜನ ಮನಸಾರೆ ಮೆಚ್ಚಿದ ಕೌಬಾಯ್ ಬೇರೆಯೇ ಆಗಿದ್ದ. ಆತ ನುಣ್ಣಗೆ ಕ್ಷೌರ ಮಾಡಿಕೊಂಡು, ಕಸೂತಿಯ ಅಂಗಿ ತೊಟ್ಟು, ಕೈಯಲ್ಲಿ ಗಿಟಾರು ಹಿಡಿದಿದ್ದ. ಒಂದು ಗಂಟೆಯ ಚಿತ್ರದಲ್ಲಿ ಆರೇಳು ಹಾಡು ಹಾಡಿ, ನಡುನಡುವೆ ಕಳ್ಳರನ್ನು ಹಿಡಿಯುತ್ತಿದ್ದ. ಸಿನಿಮಾ ಚರಿತ್ರೆಯ ದೊಡ್ಡ ಗ್ರಂಥಗಳು ಈತನಿಗೆ ಕೊಡುವ ಜಾಗ ಬಹಳ ಕಡಿಮೆ. ಆದರೆ ಚರಿತ್ರೆಯನ್ನು ಜನರ ಕಡೆಯಿಂದ ನೋಡಬೇಕೆನ್ನುವವರಿಗೆ ಇವನಷ್ಟು ಉಪಯುಕ್ತ ಸಾಕ್ಷಿ ಸಿಗುವುದು ಅಪರೂಪ.

ಮೊದಲು ನಿಜವಾದ ಕೌಬಾಯ್ ಯಾರೆಂಬುದನ್ನು ನೋಡೋಣ. ಪದದ ಅರ್ಥ ದನಗಾಹಿ. ನಮ್ಮ ಮಾತಿನಲ್ಲಿ ಗೊಲ್ಲ. ಗೋವಿನ ಹಾಡಿನ ಕಾಳಿಂಗನನ್ನು ಬಾಲ್ಯದಿಂದಲೇ ಬಲ್ಲ ನಮಗೆ ಗೊಲ್ಲ ಹಾಡುತ್ತಾನೆಂದರೆ ಸೋಜಿಗವೇನೂ ಆಗಬೇಕಿಲ್ಲ. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದ ಮೇಲೆ ಟೆಕ್ಸಾಸಿನ ಬಯಲುಗಳಲ್ಲಿ ಲಕ್ಷಾಂತರ ದನಗಳಿದ್ದವು. ಅವುಗಳ ಮಾಂಸಕ್ಕೆ ಬೆಲೆಯಿದ್ದದ್ದು ಪೂರ್ವದ ನಗರಗಳಲ್ಲಿ. ಆದ್ದರಿಂದ ಹಿಂಡುಗಳನ್ನು ನೂರಾರು ಮೈಲಿ ಉತ್ತರಕ್ಕೆ ನಡೆಸಿಕೊಂಡು ಹೋಗಿ, 1867ರಿಂದ ಕಾನ್ಸಾಸಿನ ಆಬಿಲೀನ್ ಮುಂತಾದ ಊರುಗಳಲ್ಲಿ ರೈಲಿಗೆ ಹತ್ತಿಸುತ್ತಿದ್ದರು. ಈ ಕೆಲಸ ಮಾಡಿದವರು ತಿಂಗಳಿಗೆ ಸುಮಾರು 25ರಿಂದ 40 ಡಾಲರ್ ಪಡೆಯುತ್ತಿದ್ದ ಕೂಲಿಯಾಳುಗಳು. ಅವರಲ್ಲಿ ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕರಿಯರಿದ್ದರು, ಮೆಕ್ಸಿಕೋ ಮೂಲದವರಿದ್ದರು. ಈ ಕಸುಬಿನ ರಾಂಚ್, ರೋಡಿಯೋ, ಲ್ಯಾಸೋ ಎಂಬ ಪದಗಳೆಲ್ಲ ಸ್ಪ್ಯಾನಿಷ್ ಭಾಷೆಯಿಂದ ಬಂದವು.

ಇವರು ಹಾಡುತ್ತಿದ್ದುದು ನಿಜ. ರಾತ್ರಿಯ ಪಾಳಿಯಲ್ಲಿ ಇಬ್ಬರು ಸವಾರರು ಮಲಗಿದ ಹಿಂಡಿನ ಸುತ್ತ ಒಬ್ಬರಿಗೊಬ್ಬರು ಎದುರು ದಿಕ್ಕಿನಲ್ಲಿ ನಿಧಾನವಾಗಿ ಸುತ್ತುತ್ತಿದ್ದರು. ಒಂದು ಗುಡುಗು, ಒಂದು ಕಡ್ಡಿ ಮುರಿದ ಸದ್ದು ಸಾಕು, ಸಾವಿರಾರು ದನ ಬೆದರಿ ಓಡಲು. ಅಡ್ಡ ಬಂದವನ ಪ್ರಾಣಕ್ಕೇ ಸಂಚಕಾರ. ಮನುಷ್ಯನ ಪರಿಚಿತ ಧ್ವನಿ ದನಗಳನ್ನು ಶಾಂತವಾಗಿಡುತ್ತಿತ್ತು. ಆ ಹಾಡುಗಳಲ್ಲಿ ಗಿಟಾರಿಗೆ ಎಡೆಯಿರಲಿಲ್ಲ; ಒಂದು ಕೈಯಲ್ಲಿ ಲಗಾಮು ಹಿಡಿದವನಿಗೆ ವಾದ್ಯ ನುಡಿಸಲು ಪುರಸೊತ್ತೆಲ್ಲಿ? 1874ರಲ್ಲಿ ಪೇಟೆಂಟ್ ಪಡೆದ ಮುಳ್ಳುತಂತಿ ಬಯಲುಗಳಿಗೆ ಬೇಲಿ ಹಾಕಿತು. ರೈಲು ದಕ್ಷಿಣಕ್ಕೂ ಬಂತು. 1886–87ರ ಭೀಕರ ಚಳಿಗಾಲದಲ್ಲಿ ಉತ್ತರದ ಬಯಲುಗಳ ದನಗಳು ಅಸಂಖ್ಯವಾಗಿ ಸತ್ತವು. ಹೀಗೆ ಕೇವಲ ಎರಡು ದಶಕಗಳಲ್ಲಿ ಆ ಯುಗ ಮುಗಿಯಿತು. ಉಳಿದ ಹಾಡುಗಳನ್ನು ಜಾನ್ ಲೋಮ್ಯಾಕ್ಸ್ ಎಂಬ ವಿದ್ವಾಂಸ ಸಂಗ್ರಹಿಸಿ 1910ರಲ್ಲಿ ಪ್ರಕಟಿಸಿದ.

ಸಿನಿಮಾಕ್ಕೆ ಮಾತು ಬಂದದ್ದು 1927ರಲ್ಲಿ. ಮೂಕಿಚಿತ್ರದ ಸಾಹಸಿ ನಾಯಕ ಕೆನ್ ಮೇನಾರ್ಡ್ 1930ರ ಹೊತ್ತಿಗೇ ತನ್ನ ಚಿತ್ರಗಳಲ್ಲಿ ತಾನೇ ಹಾಡಿದ, ಪಿಟೀಲು ಬಾರಿಸಿದ. 1933ರ ‘ರೈಡರ್ಸ್ ಆಫ್ ಡೆಸ್ಟಿನಿ’ ಚಿತ್ರದಲ್ಲಿ ತರುಣ ಜಾನ್ ವೇನ್ ‘ಹಾಡುವ ಸ್ಯಾಂಡಿ’ಯಾಗಿ ಬಂದ; ಧ್ವನಿ ಮಾತ್ರ ಬೇರೊಬ್ಬರದು. ಮುಂದೆ ಗಂಭೀರ ಕೌಬಾಯ್‌ನ ಪ್ರತಿರೂಪವೇ ಆದ ವೇನ್‌ಗೆ ಈ ಪಾತ್ರ ಹಿಡಿಸಲಿಲ್ಲ. ಈ ಪ್ರಯತ್ನಗಳು ಒಂದು ಪರಂಪರೆಯಾಗಿ ಬೆಳೆಯಲಿಲ್ಲ. ಕುದುರೆಯ ಸವಾರನಿಗೆ ಹಾಡು ಕಲಿಸುವ ಬದಲು, ಜನ ಆಗಲೇ ಒಪ್ಪಿಕೊಂಡಿದ್ದ ಹಾಡುಗಾರನಿಗೆ ಕುದುರೆ ಕೊಟ್ಟಾಗಲಷ್ಟೇ ಇದು ಫಲಿಸಿತು.

ಆ ಹಾಡುಗಾರ ಜೀನ್ ಆಟ್ರಿ. ಹುಟ್ಟಿದ್ದು 1907ರಲ್ಲಿ, ಟೆಕ್ಸಾಸಿನ ಟಿಯೋಗಾ ಎಂಬ ಊರಿನ ಬಳಿ. ತರುಣನಾಗಿದ್ದಾಗ ಒಕ್ಲಹೋಮದ ರೈಲು ನಿಲ್ದಾಣಗಳಲ್ಲಿ ತಂತಿ ಕಳಿಸುವ ಕೆಲಸ ಮಾಡುತ್ತಿದ್ದ. 1931ರಲ್ಲಿ ನರೆತ ತಂದೆಯನ್ನು ಕುರಿತ ಒಂದು ಹಾಡಿನ ಧ್ವನಿಮುದ್ರಿಕೆ ಆತನಿಗೆ ಹೆಸರು ತಂದಿತು. ಶಿಕಾಗೋದ ಡಬ್ಲ್ಯು.ಎಲ್.ಎಸ್. ರೇಡಿಯೋ ಕೇಂದ್ರದಿಂದ ಆತನ ಧ್ವನಿ ಮಧ್ಯ ಅಮೆರಿಕದ ರೈತರ ಮನೆಗಳನ್ನು ತಲುಪಿತು. ಆ ಕೇಂದ್ರವನ್ನು ಸ್ಥಾಪಿಸಿದ್ದು ಸಿಯರ್ಸ್ ಕಂಪನಿ. ಅಂಚೆಯ ಮೂಲಕ ಹಳ್ಳಿಗಳಿಗೆ ಸಾಮಾನು ಮಾರುತ್ತಿದ್ದ ಆ ಕಂಪನಿಯ ದಪ್ಪ ಕೆಟಲಾಗಿನಲ್ಲಿ ಆಟ್ರಿಯ ಹೆಸರಿನ ಗಿಟಾರೂ ಸಿಗುತ್ತಿತ್ತು. ಆತನ ತಟ್ಟೆಗಳನ್ನು ಹೊರತರುತ್ತಿದ್ದ ಧ್ವನಿಮುದ್ರಣ ಸಂಸ್ಥೆ ಹರ್ಬರ್ಟ್ ಯೇಟ್ಸ್ ಎಂಬ ಉದ್ಯಮಿಯ ಹಿಡಿತದಲ್ಲಿತ್ತು. ಸಿನಿಮಾ ರೀಲುಗಳನ್ನು ಸಂಸ್ಕರಿಸುವ ದೊಡ್ಡ ಪ್ರಯೋಗಾಲಯವೂ ಅವನದೇ. ಅವನಿಗೆ ಸಾಲ ಕೊಡಬೇಕಾಗಿದ್ದ ಸಣ್ಣ ಚಿತ್ರಸಂಸ್ಥೆಗಳನ್ನು ಒಟ್ಟುಗೂಡಿಸಿ 1935ರಲ್ಲಿ ಯೇಟ್ಸ್ ಕಟ್ಟಿದ್ದೇ ರಿಪಬ್ಲಿಕ್ ಸ್ಟುಡಿಯೋ. ರೇಡಿಯೋ, ತಟ್ಟೆ, ಸಿನಿಮಾ ಈ ಮೂರೂ ಒಂದನ್ನೊಂದು ಮಾರುವ ಏರ್ಪಾಡು ಹೀಗೆ ಸಿದ್ಧವಾಯಿತು.

ಅದೇ 1935ರಲ್ಲಿ ಆಟ್ರಿ ಮೊದಲು ನಾಯಕನಾದದ್ದು ‘ದ ಫ್ಯಾಂಟಮ್ ಎಂಪೈರ್’ ಎಂಬ ಹನ್ನೆರಡು ಕಂತುಗಳ ಧಾರಾವಾಹಿ ಚಿತ್ರದಲ್ಲಿ. ಅದರ ಕಥೆ ಕೇಳಿದರೆ ನೀವು ನಗುತ್ತೀರಿ. ಆತನ ರಾಂಚಿನ ಕೆಳಗೆ, ಭೂಗರ್ಭದಲ್ಲಿ, ಯಂತ್ರಮಾನವರಿರುವ ಮುರೇನಿಯಾ ಎಂಬ ಸಾಮ್ರಾಜ್ಯ. ಅಲ್ಲಿನ ರಾಣಿಯ ಸೆರೆಯಿಂದ ಹೇಗಾದರೂ ತಪ್ಪಿಸಿಕೊಂಡು, ಆತ ಹೊತ್ತಿಗೆ ಸರಿಯಾಗಿ ಮೇಲೆ ಬಂದು ರೇಡಿಯೋದಲ್ಲಿ ಹಾಡಲೇಬೇಕು. ತಪ್ಪಿದರೆ ಒಪ್ಪಂದ ಮುರಿದು ರಾಂಚು ಕೈಬಿಡುತ್ತದೆ! ಅದೇ ವರ್ಷ ರಿಪಬ್ಲಿಕ್ ಸ್ಟುಡಿಯೋದ ‘ಟಂಬ್ಲಿಂಗ್ ಟಂಬಲ್‌ವೀಡ್ಸ್’ ಬಂತು. ಹಾಡುವ ಕೌಬಾಯ್ ಚಿತ್ರದ ಅಚ್ಚು ಅಲ್ಲಿ ಸಿದ್ಧವಾಯಿತು: ಹಾಡುವ ನಾಯಕ, ನಗಿಸುವ ಜೊತೆಗಾರ, ಹೆಸರುವಾಸಿಯಾದ ಕುದುರೆ, ಮೊದಲು ಸಿಟ್ಟಾಗಿ ಕೊನೆಗೆ ಮೆಚ್ಚುವ ನಾಯಕಿ, ಊರ ಗಣ್ಯನ ವೇಷದ ಖಳ. ಆಟ್ರಿಯ ಜೊತೆಗಾರ ಸ್ಮೈಲಿ ಬರ್ನೆಟ್, ಕುದುರೆ ಚಾಂಪಿಯನ್.

ಇವು ‘ಬಿ’ ದರ್ಜೆಯ ಚಿತ್ರಗಳು. ಆರ್ಥಿಕ ಕುಸಿತದ ಆ ವರ್ಷಗಳಲ್ಲಿ ಒಂದೇ ಟಿಕೇಟಿಗೆ ಎರಡು ಸಿನಿಮಾ ತೋರಿಸುವ ಪದ್ಧತಿ ಬಂದಿತ್ತು; ಎರಡನೆಯದಾಗಿ ತೋರಿಸಲು ಒಂದು ಗಂಟೆಯ ಅಗ್ಗದ ಚಿತ್ರ ಬೇಕಿತ್ತು. ದೊಡ್ಡ ಚಿತ್ರಗಳಿಗೆ ಗಳಿಕೆಯಲ್ಲಿ ಪಾಲು ಕೊಡಬೇಕು, ಇವುಗಳಿಗೆ ನಿಗದಿತ ಬಾಡಿಗೆ ಕೊಟ್ಟರಾಯಿತು. ಆದ್ದರಿಂದ ಬಾಡಿಗೆಗಿಂತ ಕಡಿಮೆ ಖರ್ಚಿನಲ್ಲಿ ಕೆಲವೇ ದಿನಗಳಲ್ಲಿ ಚಿತ್ರೀಕರಣ ಮುಗಿಯಬೇಕಾಗಿತ್ತು. ಲಾಸ್ ಏಂಜಲೀಸ್ ಸಮೀಪದ ಐವರ್ಸನ್ ರಾಂಚಿನ ಬಂಡೆಗಳು, ಲೋನ್ ಪೈನ್ ಬಳಿಯ ಆಲಬಾಮ ಬೆಟ್ಟಗಳು ನೂರಾರು ಚಿತ್ರಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳಲು ಇದೇ ಕಾರಣ. ನ್ಯೂಯಾರ್ಕಿನ ವಿಮರ್ಶಕರು ಇವನ್ನು ತಿರುಗಿಯೂ ನೋಡಲಿಲ್ಲ. ದಕ್ಷಿಣದ, ಮಧ್ಯಪಶ್ಚಿಮದ ಸಣ್ಣ ಊರುಗಳ ಜನ ಮಾತ್ರ ಶನಿವಾರಕ್ಕಾಗಿ ಕಾಯುತ್ತಿದ್ದರು. 1940ರಲ್ಲಿ ಚಿತ್ರಮಂದಿರದ ಮಾಲೀಕರು ಹೆಚ್ಚು ಹಣ ತರುವ ತಾರೆಗಳನ್ನು ಹೆಸರಿಸಿದಾಗ ಮಿಕಿ ರೂನಿ, ಸ್ಪೆನ್ಸರ್ ಟ್ರೇಸಿ, ಕ್ಲಾರ್ಕ್ ಗೇಬಲ್ ನಂತರದ ನಾಲ್ಕನೆಯ ಸ್ಥಾನ ಆಟ್ರಿಯದಾಗಿತ್ತು.

ಈ ಚಿತ್ರಗಳ ಕಾಲವೇ ಒಂದು ವಿಚಿತ್ರ. ನಾಯಕ ಕುದುರೆಯ ಮೇಲೆ ಬರುತ್ತಾನೆ, ಪಕ್ಕದಲ್ಲಿ ಮೋಟಾರು ಕಾರು ಓಡುತ್ತದೆ, ಮೇಲೆ ವಿಮಾನ ಹಾರುತ್ತದೆ. 1937ರ ‘ಪಬ್ಲಿಕ್ ಕೌಬಾಯ್ ನಂಬರ್ 1’ ಚಿತ್ರದಲ್ಲಿ ದನಗಳ್ಳರು ಬಳಸುವುದು ಟ್ರಕ್ಕು, ವಿಮಾನ ಮತ್ತು ರೇಡಿಯೋ. ಇದನ್ನು ಅಜ್ಞಾನವೆಂದು ನಕ್ಕವರುಂಟು. ಆದರೆ ಈ ಬೆರಕೆಯಲ್ಲೇ ಆ ಚಿತ್ರಗಳ ಜೀವ ಇದೆ. 1930ರ ದಶಕದಲ್ಲಿ ಒಕ್ಲಹೋಮ, ಕಾನ್ಸಾಸ್, ಟೆಕ್ಸಾಸ್ ಪ್ರಾಂತಗಳಲ್ಲಿ ಮಳೆಯಿಲ್ಲದೆ ಹೊಲದ ಮೇಲ್ಮಣ್ಣು ಧೂಳಾಗಿ ಹಾರಿಹೋಗುತ್ತಿತ್ತು. ಬ್ಯಾಂಕುಗಳು ಜಮೀನು ಹರಾಜು ಹಾಕುತ್ತಿದ್ದವು. ಜನ ಗಂಟುಮೂಟೆ ಕಟ್ಟಿ ಕ್ಯಾಲಿಫೋರ್ನಿಯಾಕ್ಕೆ ಗುಳೆ ಹೊರಟಿದ್ದರು. ಆಟ್ರಿಯ ಕಥೆಗಳು ಈ ಜನರ ವರ್ತಮಾನದ ಕಥೆಗಳು. 1936ರ ‘ರೆಡ್ ರಿವರ್ ವ್ಯಾಲಿ’ಯಲ್ಲಿ ಜಗಳ ನೀರಾವರಿಯ ಅಣೆಕಟ್ಟಿನದು. 1939ರ ‘ರೋವಿನ್ ಟಂಬಲ್‌ವೀಡ್ಸ್’ನಲ್ಲಿ ರೇಡಿಯೋ ಹಾಡುಗಾರನಾದ ನಾಯಕ ಪ್ರವಾಹ ತಡೆಯುವ ಮಸೂದೆಗಾಗಿ ಕಾಂಗ್ರೆಸ್ ಸದಸ್ಯನಾಗಿ ವಾಷಿಂಗ್ಟನ್ನಿಗೇ ಹೋಗುತ್ತಾನೆ. ರೂಸ್‌ವೆಲ್ಟ್ ಸರ್ಕಾರದ ಯೋಜನೆಗಳ ಕಾಲ ಅದು. ನೀರು ಯಾರದು, ನೆಲ ಯಾರದು, ಸರ್ಕಾರ ಯಾರ ಮಾತು ಕೇಳಬೇಕು ಎಂಬ ಪ್ರಶ್ನೆಗಳನ್ನು ದೊಡ್ಡ ಸ್ಟುಡಿಯೋಗಳ ವೈಭವದ ಚಿತ್ರಗಳು ಅಪರೂಪಕ್ಕೆ ಮುಟ್ಟಿದರೆ, ಈ ಅಗ್ಗದ ಚಿತ್ರಗಳು ತಿಂಗಳು ತಿಂಗಳು ಕೇಳುತ್ತಿದ್ದವು.

ತೆರೆಯ ಮೇಲಿನ ನ್ಯಾಯ ತೆರೆಯ ಹಿಂದೆ ಇತ್ತೇ? ಆಟ್ರಿಯ ಚಿತ್ರ ಬೇಕಾದವರು ತನ್ನ ಬೇರೆ ಚಿತ್ರಗಳನ್ನೂ ಕೊಳ್ಳಲೇಬೇಕೆಂದು ಸ್ಟುಡಿಯೋ ಷರತ್ತು ಹಾಕುತ್ತಿತ್ತು. ಸಣ್ಣ ಊರುಗಳ ಚಿತ್ರಮಂದಿರದವರು ಈ ಕಷ್ಟವನ್ನು ಆಟ್ರಿಯ ಬಳಿ ತೋಡಿಕೊಂಡರು. ತನ್ನ ಸಂಬಳದ ಪ್ರಶ್ನೆಯೊಡನೆ ಇದನ್ನೂ ಸೇರಿಸಿ, 1938ರ ಆರಂಭದಲ್ಲಿ ಆತ ಕೆಲಸಕ್ಕೆ ಹೋಗುವುದನ್ನು ನಿಲ್ಲಿಸಿದ. ಸ್ಟುಡಿಯೋ ಕೈಕಟ್ಟಿ ಕೂರಲಿಲ್ಲ. ‘ಸನ್ಸ್ ಆಫ್ ದ ಪಯನಿಯರ್ಸ್’ ಗಾಯನ ತಂಡವನ್ನು ಕಟ್ಟಿದವರಲ್ಲಿ ಒಬ್ಬನಾದ ಲೆನರ್ಡ್ ಸ್ಲೈ ಎಂಬ ತರುಣನನ್ನು ರಾಯ್ ರಾಜರ್ಸ್ ಎಂಬ ಹೊಸ ಹೆಸರಿನಿಂದ ನಾಯಕನನ್ನಾಗಿ ಮಾಡಿತು.

ಆ ಚಿತ್ರ 1938ರ ‘ಅಂಡರ್ ವೆಸ್ಟರ್ನ್ ಸ್ಟಾರ್ಸ್’. ಬರಪೀಡಿತ ರೈತರಿಗೆ ನೀರು ಕೊಡಿಸಲು ಕಾಂಗ್ರೆಸ್‌ಗೆ ಆರಿಸಿಹೋದ ಕೌಬಾಯ್, ವಾಷಿಂಗ್ಟನ್ನಿನ ಗಣ್ಯರ ಔತಣಕೂಟದಲ್ಲಿ ಧೂಳಿನ ಬಿರುಗಾಳಿಯ ಚಿತ್ರವನ್ನು ಪರದೆಯ ಮೇಲೆ ತೋರಿಸಿ, ಧೂಳನ್ನೇ ಕುರಿತ ಹಾಡು ಹಾಡುತ್ತಾನೆ. ಆ ಹಾಡು ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. ಹಾಡಿದವನಿಗೆ ಆ ಬವಣೆ ಹೊಸದಲ್ಲ. ಒಹಾಯೋದಿಂದ ಕ್ಯಾಲಿಫೋರ್ನಿಯಾಕ್ಕೆ ವಲಸೆ ಬಂದ ಸ್ಲೈ ಕುಟುಂಬದ ಈ ಹುಡುಗ ತೋಟಗಳಲ್ಲಿ ಪೀಚ್ ಹಣ್ಣು ಕಿತ್ತು ಕೂಲಿ ಪಡೆದವನು. ಮುಂದೆ ರಾಜರ್ಸ್, ಆತನ ಕುದುರೆ ಟ್ರಿಗರ್, 1944ರಿಂದ ಜೊತೆಯಾಗಿ ನಟಿಸಿ 1947ರಲ್ಲಿ ಪತ್ನಿಯಾದ ಡೇಲ್ ಇವಾನ್ಸ್ ಮನೆಮಾತಾದರು. ಆಟ್ರಿಯೂ ಹೆಚ್ಚಿನ ಸಂಬಳದೊಡನೆ ಮರಳಿ ಬಂದ.

ಇನ್ನೊಂದು ಕವಲನ್ನು ಮರೆಯಬಾರದು. ದಕ್ಷಿಣದ ಚಿತ್ರಮಂದಿರಗಳಲ್ಲಿ ಕರಿಯರು ಪ್ರತ್ಯೇಕವಾಗಿ ಕೂರಬೇಕಾಗಿದ್ದ ಕಾಲ ಅದು. ಕರಿಯರಿಗೇ ಮೀಸಲಾದ ಚಿತ್ರಮಂದಿರಗಳೂ ಇದ್ದವು. ದನ ಕಾದ ಕರಿಯರು ತೆರೆಯ ಮೇಲೆ ಮಾಯವಾಗಿದ್ದರು. ಹರ್ಬ್ ಜೆಫ್ರೀಸ್ ಎಂಬ ಗಾಯಕ 1937ರ ‘ಹಾರ್ಲೆಮ್ ಆನ್ ದ ಪ್ರೈರಿ’, 1939ರ ‘ದ ಬ್ರಾಂಝ್ ಬಕರೂ’ ಮುಂತಾದ ಚಿತ್ರಗಳಲ್ಲಿ ಕರಿಯರ ಹಾಡುವ ಕೌಬಾಯ್ ಆಗಿ ನಟಿಸಿದ. ಬಡ ಬಂಡವಾಳದ ಈ ಚಿತ್ರಗಳು ಕರಿಯ ಮಕ್ಕಳಿಗೆ ಅವರದೇ ಬಣ್ಣದ ನಾಯಕನನ್ನು ಕೊಟ್ಟವು. ತಿಳಿದೋ ತಿಳಿಯದೆಯೋ ಅಳಿಸಿಹೋಗಿದ್ದ ಸತ್ಯವೊಂದನ್ನು ಮರಳಿ ಬರೆದವು. ಡೊರತಿ ಪೇಜ್ ಎಂಬಾಕೆ ಹಾಡುವ ಕೌಗರ್ಲ್ ಆಗಿ ನಾಯಕಿಪ್ರಧಾನ ಚಿತ್ರಗಳಲ್ಲಿ ನಟಿಸಿದಳು. ಅವು ಮೂರಕ್ಕೇ ನಿಂತವು.

ಜುಲೈ 1942ರಲ್ಲಿ ಆಟ್ರಿ ತನ್ನ ರೇಡಿಯೋ ಕಾರ್ಯಕ್ರಮದಲ್ಲೇ ಪ್ರತಿಜ್ಞೆ ಸ್ವೀಕರಿಸಿ ಸೈನ್ಯ ಸೇರಿದ. ವಾಯುಪಡೆಯ ಸಾಗಣೆ ವಿಭಾಗದಲ್ಲಿ ವಿಮಾನಚಾಲಕನಾಗಿ ಚೀನಾ–ಬರ್ಮಾ–ಭಾರತ ರಣಕ್ಷೇತ್ರದಲ್ಲಿಯೂ ಸೇವೆ ಸಲ್ಲಿಸಿದ. ಯುದ್ಧದಲ್ಲಿ ಕಳೆದ ವರ್ಷಗಳನ್ನು ಒಪ್ಪಂದದ ಅವಧಿಗೆ ಸೇರಿಸಬೇಕೆಂದು ಸ್ಟುಡಿಯೋ ಹಠ ಹಿಡಿಯಿತು. ವ್ಯಾಜ್ಯ ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ, 1947ರಲ್ಲಿ ತೀರ್ಪು ಆಟ್ರಿಯ ಪರವಾಯಿತು. ಆತ ಸ್ವಂತ ಸಂಸ್ಥೆ ಕಟ್ಟಿ ಕೊಲಂಬಿಯಾದ ಮೂಲಕ ಚಿತ್ರಗಳನ್ನು ತೆಗೆದ. ಒಪ್ಪಂದದ ಸಂಕೋಲೆಯಲ್ಲಿ ದುಡಿಯುತ್ತಿದ್ದ ಕಲಾವಿದರಿಗೆ ಆ ತೀರ್ಪು ಸಣ್ಣ ಸಂಗತಿಯಲ್ಲ.

ಅಂತ್ಯವೂ ದೂರವಿರಲಿಲ್ಲ. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ದೊಡ್ಡ ಸ್ಟುಡಿಯೋಗಳು ಚಿತ್ರಗಳನ್ನು ಕಂತೆಯಾಗಿ ಹೇರುವುದನ್ನು ತಡೆಯಿತು. ಚಿತ್ರಮಂದಿರಗಳ ಮೇಲಿನ ಅವುಗಳ ಒಡೆತನವೂ ಮುಂದೆ ಕಳಚಿತು. ಅದೇ ಹೊತ್ತಿಗೆ ಟೆಲಿವಿಷನ್ ಮನೆಗಳಿಗೆ ಬಂತು. 1950ರಲ್ಲಿ ಆಟ್ರಿಯೂ 1951ರಲ್ಲಿ ರಾಜರ್ಸ್‌ನೂ ಅಲ್ಲಿಗೇ ಹೋದರು. ಆಟ್ರಿಯ ಕೊನೆಯ ನಾಯಕಚಿತ್ರ ಬಂದದ್ದು 1953ರಲ್ಲಿ. ರಿಪಬ್ಲಿಕ್‌ನ ಕೊನೆಯ ಹಾಡುವ ಕೌಬಾಯ್ ರೆಕ್ಸ್ ಆಲನ್‌ನ ಸರಣಿ ಮುಗಿದದ್ದು 1954ರಲ್ಲಿ. ಮತ್ತೊಬ್ಬ ಹಾಡುವ ಕೌಬಾಯ್ ಟೆಕ್ಸ್ ರಿಟರ್‌ನ ಧ್ವನಿ 1952ರ ‘ಹೈ ನೂನ್’ ಚಿತ್ರದಲ್ಲಿ ಕೇಳಿಸುತ್ತದೆ, ಆದರೆ ಆತ ಕಾಣಿಸುವುದಿಲ್ಲ. ಕೌಬಾಯ್ ಮೌನಿಯಾದ, ಹಾಡು ಅವನ ಬೆನ್ನ ಹಿಂದೆ ಸರಿಯಿತು. ಆ ಕಾಲಕ್ಕೆ ಇದಕ್ಕಿಂತ ತಕ್ಕ ಮುಕ್ತಾಯ ಬೇಕಿಲ್ಲ.

ದೋಷಗಳನ್ನು ಮುಚ್ಚಿಡಬೇಕಾಗಿಲ್ಲ. ಈ ಚಿತ್ರಗಳಲ್ಲಿ ಮೆಕ್ಸಿಕೋದವರು ಬಹುಪಾಲು ನಗೆಗೀಡಾಗುತ್ತಾರೆ. ಆ ನೆಲದ ಮೂಲನಿವಾಸಿಗಳ ನೋವಿಗೆ ಎಡೆಯಿಲ್ಲ. ಬರಕ್ಕೂ ಸಾಲಕ್ಕೂ ಒಬ್ಬ ಖಳನನ್ನು ಹಿಡಿದರೆ ಪರಿಹಾರ ಸಿಕ್ಕಂತೆ ಕಥೆ ಮುಗಿಯುತ್ತದೆ. ನಿಜಜೀವನದಲ್ಲಿ ಅಷ್ಟು ಸುಲಭದ ಖಳ ಯಾರಿಗೂ ಸಿಗಲಿಲ್ಲ. ಹೀಗಿದ್ದೂ ಜಮೀನು ಕಳೆದುಕೊಂಡು ಬಂದವನು, ತನ್ನಂತೆ ಮಾತನಾಡುವ, ತಾನು ರೇಡಿಯೋದಲ್ಲಿ ಕೇಳಿದ ಹಾಡನ್ನೇ ಹಾಡುವ ಒಬ್ಬನು ಶ್ರೀಮಂತರ ಕೂಟದೊಳಗೆ ಹೋಗಿ ಧೂಳಿನ ಕಥೆ ಹೇಳುವುದನ್ನು ಕಂಡಾಗ ಅವನಿಗೆ ಏನನ್ನಿಸಿರಬಹುದು? ಒಂದು ಕಲೆ ಕೀಳೋ ಮೇಲೋ ಎಂದು ತೀರ್ಮಾನಿಸುವ ಮುನ್ನ ಅದನ್ನು ಯಾರು, ಎಂಥ ದಿನಗಳಲ್ಲಿ ನೋಡಿದರು ಎಂದು ವಿಚಾರಿಸುವುದು ಚರಿತ್ರೆಯ ವಿದ್ಯಾರ್ಥಿಯ ಕರ್ತವ್ಯ.

ರಾಜರ್ಸ್ ಮತ್ತು ಆಟ್ರಿ ಇಬ್ಬರೂ 1998ರಲ್ಲಿ, ಮೂರು ತಿಂಗಳ ಅಂತರದಲ್ಲಿ, ತೀರಿಕೊಂಡರು. ಆಟ್ರಿ ಕಟ್ಟಿಸಿ 1988ರಲ್ಲಿ ತೆರೆದ ಪಶ್ಚಿಮ ಅಮೆರಿಕದ ವಸ್ತುಸಂಗ್ರಹಾಲಯ ಲಾಸ್ ಏಂಜಲೀಸಿನಲ್ಲಿದೆ. ಆ ಕಡೆ ನೆಲೆಸಿರುವ ನಮ್ಮ ಹುಡುಗರು ಮಕ್ಕಳನ್ನು ಕರೆದುಕೊಂಡು ಹೋಗಿ ನೋಡಲಿ. ಉಳಿದವರು ಬಿಡುವಾದಾಗ ‘ಅಂಡರ್ ವೆಸ್ಟರ್ನ್ ಸ್ಟಾರ್ಸ್’ ಹುಡುಕಿ ನೋಡಿ. ಕುದುರೆ ಸವಾರಿಗೂ ಗುದ್ದಾಟಕ್ಕೂ ನಗು ಬಂದರೆ ನಗಿ. ಔತಣಕೂಟದ ಆ ದೃಶ್ಯ ಬಂದಾಗ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿ.