ಸಾವಯವ ಮುದ್ರೆ ಯಾರಿಗಾಗಿ? ದೃಢೀಕರಣ ಮಾನದಂಡಗಳ ಚರಿತ್ರೆಯ ಒಂದು ಓದು

ಸಾವಯವ ರಾಗಿಹಿಟ್ಟಿನ ಪೊಟ್ಟಣದ ಮೇಲಿನ ಹಸಿರು ಮುದ್ರೆಯನ್ನು ಕೊಳ್ಳುವವರಲ್ಲಿ ಬಹುಪಾಲು ಮಂದಿ ‘ಇದರಲ್ಲಿ ವಿಷವಿಲ್ಲ’ ಎಂದೇ ಓದಿಕೊಳ್ಳುತ್ತಾರೆ. ಮುದ್ರೆ ಹೊರುವ ಹೊಣೆ ಅಷ್ಟು ದೊಡ್ಡದಲ್ಲ. ಈ ರಾಗಿಯನ್ನು ಇಂತಿಂಥ ನಿಯಮಗಳಂತೆ ಬೆಳೆಯಲಾಗಿದೆ, ಬೆಳೆದದ್ದಕ್ಕೆ ದಾಖಲೆಯಿದೆ, ಆ ದಾಖಲೆಯನ್ನು ಮತ್ತೊಬ್ಬರು ಪರಿಶೀಲಿಸಿದ್ದಾರೆ ಎಂಬುದಷ್ಟೇ ಅದರ ಮಾತು. ಹಾಗಾದರೆ ಆ ನಿಯಮಗಳನ್ನು ಬರೆದವರು ಯಾರು, ಯಾರ ಅನುಮಾನವನ್ನು ನೀಗಿಸಲು ಬರೆದರು? ಸಾವಯವ ಮಾನದಂಡಗಳ ಚರಿತ್ರೆಯನ್ನು ಈ ಪ್ರಶ್ನೆಯಿಂದ ನೋಡಿದರೆ, ನಮ್ಮ ರೈತರು ಇಂದು ಎದುರಿಸುತ್ತಿರುವ ಹಲವು ತೊಡಕುಗಳ ಬೇರು ಕಾಣುತ್ತದೆ.

ಚಳವಳಿಯ ಆರಂಭದಲ್ಲಿ ಮುದ್ರೆಯ ಮಾತೇ ಇರಲಿಲ್ಲ. 1905ರಲ್ಲಿ ಬಿಹಾರದ ಪೂಸಾ ಸಂಶೋಧನಾ ಕೇಂದ್ರಕ್ಕೆ ಬಂದ ಆಲ್ಬರ್ಟ್ ಹೋವರ್ಡ್, ಪತ್ನಿ ಹಾಗೂ ಸಸ್ಯವಿಜ್ಞಾನಿ ಗೇಬ್ರಿಯಲ್ ಜತೆಗೂಡಿ ಇಲ್ಲಿನ ಬೇಸಾಯವನ್ನು ಹತ್ತಿರದಿಂದ ಕಂಡರು. 1924ರಲ್ಲಿ ಇಂದೋರ್‌ನಲ್ಲಿ ಶುರುವಾದ ಸಂಸ್ಥೆಯಲ್ಲಿ ಬೆಳೆಯುಳಿಕೆ, ಸೆಗಣಿ, ಗಂಜಲ ನೆನೆದ ಮಣ್ಣು ಮತ್ತು ಬೂದಿಯನ್ನು ಪದರ ಪದರವಾಗಿ ಹಾಕಿ, ತಿರುವಿ ಕೊಳೆಸುವ ವಿಧಾನವೊಂದನ್ನು ರೂಪಿಸಿದರು. ಯಶವಂತ ವಾಡ್ ಅವರೊಂದಿಗೆ ಹೋವರ್ಡ್ 1931ರಲ್ಲಿ ಪ್ರಕಟಿಸಿದ ಪುಸ್ತಕ ಈ ‘ಇಂದೋರ್ ವಿಧಾನ’ವನ್ನು ಜಗತ್ತಿಗೆ ಮುಟ್ಟಿಸಿತು. ಹೋವರ್ಡ್ ಅವರ ಕಾಳಜಿ ಮಣ್ಣಿನ ಫಲವತ್ತತೆಯದು. ಮಾರುಕಟ್ಟೆ ಅವರ ಚಿಂತನೆಯ ಕೇಂದ್ರದಲ್ಲಿರಲಿಲ್ಲ.

ಮಾರಾಟಕ್ಕೆ ಅಂಟಿದ ಗುರುತು ಹುಟ್ಟಿದ್ದು ಬೇರೊಂದು ಕವಲಿನಲ್ಲಿ. ರುಡಾಲ್ಫ್ ಸ್ಟೈನರ್ 1924ರಲ್ಲಿ ನೀಡಿದ ಕೃಷಿ ಉಪನ್ಯಾಸಗಳಿಂದ ಪ್ರೇರಿತರಾದ ಜರ್ಮನಿಯ ರೈತರು 1928ರಲ್ಲಿ ‘ಡಿಮೀಟರ್’ ಎಂಬ ಗುರುತನ್ನು ನೋಂದಾಯಿಸಿದರು. ಇಂಗ್ಲೆಂಡಿನಲ್ಲಿ ಈವ್ ಬಾಲ್ಫರ್ ಮತ್ತು ಸಂಗಡಿಗರು 1946ರಲ್ಲಿ ಕಟ್ಟಿದ ಸಾಯಿಲ್ ಅಸೋಸಿಯೇಷನ್ ತನ್ನ ಮೊದಲ ಮಾನದಂಡವನ್ನು ಬರೆದದ್ದು 1967ರಲ್ಲಿ. ಇಪ್ಪತ್ತು ವರ್ಷಗಳ ಈ ಅಂತರ ಗಮನಾರ್ಹ. ಬೆಳೆದವರನ್ನು ಕೊಳ್ಳುವವರು ಬಲ್ಲಷ್ಟು ಕಾಲ ಬರಹದ ನಿಯಮ ಬೇಕಾಗಲಿಲ್ಲ. ಸರಕು ಅಪರಿಚಿತರ ಕೈಸೇರತೊಡಗಿದಾಗ ಬೇಕಾಯಿತು.

ಅಮೆರಿಕದಲ್ಲಿ ಈ ಪಯಣ ಇನ್ನೂ ಬಿರುಸಾಗಿ ನಡೆಯಿತು. 1973ರಲ್ಲಿ ಕ್ಯಾಲಿಫೋರ್ನಿಯಾದ ರೈತರು ತಮ್ಮದೇ ದೃಢೀಕರಣ ಸಂಘ ಕಟ್ಟಿಕೊಂಡರು. ಅದೇ ವರ್ಷ ಒರೆಗಾನ್ ರಾಜ್ಯ ಕಾನೂನು ತಂದಿತು. ರಾಜ್ಯಕ್ಕೊಂದು, ಸಂಘಕ್ಕೊಂದು ನಿಯಮ ಬೆಳೆದು ಗೊಂದಲವಾದಾಗ 1990ರಲ್ಲಿ ರಾಷ್ಟ್ರೀಯ ಕಾಯ್ದೆ ಬಂತು. 1997ರಲ್ಲಿ ಹೊರಬಿದ್ದ ಅದರ ಕರಡು ನಿಯಮ ಕುಲಾಂತರಿ ತಳಿ, ಆಹಾರಕ್ಕೆ ವಿಕಿರಣ ಹಾಯಿಸುವುದು, ಚರಂಡಿ ಗಸಿಯನ್ನು ಗೊಬ್ಬರವಾಗಿ ಬಳಸುವುದು – ಈ ಮೂರಕ್ಕೂ ಬಾಗಿಲು ತೆರೆದಿಟ್ಟಿತ್ತು. ಜನರಿಂದ 2.75 ಲಕ್ಷಕ್ಕೂ ಹೆಚ್ಚು ಪ್ರತಿಕ್ರಿಯೆಗಳು ಬಂದವು. 2000ದ ಡಿಸೆಂಬರ್‌ನಲ್ಲಿ ಪ್ರಕಟವಾಗಿ 2002ರ ಅಕ್ಟೋಬರ್‌ನಲ್ಲಿ ಪೂರ್ಣವಾಗಿ ಜಾರಿಗೆ ಬಂದ ಅಂತಿಮ ನಿಯಮ ಮೂರನ್ನೂ ನಿಷೇಧಿಸಿತು. ಸಾವಯವ ಮಾನದಂಡದ ಮೇಲೆ ತಿನ್ನುವವರ ಹಕ್ಕು ಇಷ್ಟು ಸ್ಪಷ್ಟವಾಗಿ ಗೆದ್ದ ಇನ್ನೊಂದು ಉದಾಹರಣೆ ನನಗೆ ಕಂಡಿಲ್ಲ.

ಮಾನದಂಡವೆಂದರೆ ಕಲ್ಲಿನಲ್ಲಿ ಕೊರೆದ ಶಾಸನವಲ್ಲ ಎಂಬುದಕ್ಕೆ ನಮ್ಮ ಅಡಿಕೆ ತೋಟದಲ್ಲೇ ಸಾಕ್ಷಿಯಿದೆ. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ರೂಪುಗೊಂಡ ಬೋರ್ಡೋ ದ್ರಾವಣ, ತಾಮ್ರದ ಲವಣವಾದ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿಯಾಗಿ ಬಂದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ಕೊಳೆರೋಗಕ್ಕೆ ಬೋರ್ಡೋ ಸಿಂಪಡಣೆ ಮಲೆನಾಡಿನಲ್ಲಿ ಬೇರೂರಿದ್ದು ಆ ಕೆಲಸದ ಬಲದಿಂದ. ಮುಂದೆ ಯುರೋಪಿನವರು ಸಾವಯವ ನಿಯಮ ಬರೆಯುವಾಗ ಸಂಶ್ಲೇಷಿತ ಶಿಲೀಂಧ್ರನಾಶಕಗಳನ್ನು ಹೊರಗಿಟ್ಟು ತಾಮ್ರದ ಲವಣಗಳನ್ನು ಉಳಿಸಿಕೊಂಡರು, ಏಕೆಂದರೆ ಅದಿಲ್ಲದೆ ಅಲ್ಲಿನ ದ್ರಾಕ್ಷಿ, ಆಲೂಗೆಡ್ಡೆ ಉಳಿಯುತ್ತಿರಲಿಲ್ಲ. ತಾಮ್ರವೋ ಮಣ್ಣಿನಲ್ಲಿ ಕರಗಿಹೋಗದೆ ಶೇಖರವಾಗುವ ಲೋಹ. ಹೀಗಾಗಿ ಮಿತಿಯನ್ನು ಮೇಲಿಂದ ಮೇಲೆ ಬಿಗಿಗೊಳಿಸಬೇಕಾಯಿತು. ಈಗ ಯುರೋಪಿಯನ್ ಒಕ್ಕೂಟದಲ್ಲಿ ಹೆಕ್ಟೇರಿಗೆ 7 ವರ್ಷಗಳಲ್ಲಿ ಒಟ್ಟು 28 ಕಿಲೋ ತಾಮ್ರವಷ್ಟೇ. ‘ನೈಸರ್ಗಿಕ’ ಮತ್ತು ‘ರಾಸಾಯನಿಕ’ ಎಂಬ ಗೆರೆಯನ್ನು ಎಳೆದದ್ದು ಪ್ರಯೋಗಾಲಯವೊಂದೇ ಅಲ್ಲ, ಬೆಳೆಗಾರನ ಅಗತ್ಯವೂ ಹೌದು. ದ್ರಾಕ್ಷಿಗೆ ಸಂದ ಈ ನ್ಯಾಯ ಅಡಿಕೆಗೂ ಒದಗಿದ್ದು ನಮ್ಮ ತೋಟದ ಅನುಭವವನ್ನು ಯಾರೋ ಕೇಳಿದ್ದರಿಂದಲ್ಲ, ಕಾಕತಾಳೀಯ ಮಾತ್ರ.

ಭಾರತದ ಕಥೆಯಲ್ಲಿ ಈ ಅಸಮತೆ ಇನ್ನೂ ಎದ್ದುಕಾಣುತ್ತದೆ. ಸಾವಯವ ಉತ್ಪಾದನೆಯ ರಾಷ್ಟ್ರೀಯ ಕಾರ್ಯಕ್ರಮ 2000ರಲ್ಲಿ ಶುರುವಾದದ್ದು ಕೃಷಿ ಸಚಿವಾಲಯದಲ್ಲಲ್ಲ, ವಾಣಿಜ್ಯ ಸಚಿವಾಲಯದಲ್ಲಿ. ನಡೆಸುವ ಹೊಣೆ ಕೃಷಿ ರಫ್ತು ಅಭಿವೃದ್ಧಿ ಪ್ರಾಧಿಕಾರ ಅಪೆಡಾದ್ದು. 1991ರಲ್ಲಿ ಯುರೋಪ್ ತನ್ನ ಸಾವಯವ ನಿಯಮಾವಳಿ ತಂದ ಮೇಲೆ ಕಾಫಿ, ಚಹಾ, ಸಾಂಬಾರ ಪದಾರ್ಥ ಕಳಿಸುವವರಿಗೆ ಅಲ್ಲಿ ಒಪ್ಪಿತವಾಗುವ ಕಾಗದ ಬೇಕಿತ್ತು. ಅದನ್ನು ಕೊಡುವ ವ್ಯವಸ್ಥೆ ಇದು. ‘ಇಂಡಿಯಾ ಆರ್ಗ್ಯಾನಿಕ್’ ಮುದ್ರೆ 2002ರಲ್ಲಿ ಬಂತು. ದೇಶದೊಳಗೇ ಮಾರುವ ಸಾವಯವ ಆಹಾರಕ್ಕೆ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮಗಳು ಪ್ರಕಟವಾದದ್ದು 2017ರ ಕೊನೆಯಲ್ಲಿ. ಜರ್ಮನಿಯ ಗ್ರಾಹಕರಿಗೆ ಸಿಕ್ಕ ಭರವಸೆ ದಾವಣಗೆರೆಯವರಿಗೆ ಸಿಗಲು ಹದಿನೇಳು ವರ್ಷ ಹಿಡಿಯಿತು. ಇದನ್ನು ಆಡಳಿತದ ವಿಳಂಬವೆಂದು ತಳ್ಳಿಹಾಕಲು ನಾನು ಒಪ್ಪುವುದಿಲ್ಲ. ಯಾರ ಅನುಮಾನಕ್ಕೆ ಬೆಲೆಯಿದೆ ಎಂಬ ನಿರ್ಧಾರ ಅದರಲ್ಲಿ ಅಡಗಿತ್ತು.

ಪರಿಣಾಮವನ್ನು ಹೊತ್ತವರು ಸಣ್ಣ ಹಿಡುವಳಿದಾರರು. ವಾರ್ಷಿಕ ಬೆಳೆಗೆ ಎರಡು, ತೋಟದ ಬೆಳೆಗೆ ಮೂರು ವರ್ಷದ ಪರಿವರ್ತನಾ ಅವಧಿಯಲ್ಲಿ ಇಳುವರಿ ಕುಸಿದರೂ ಸಾವಯವದ ದರ ಸಿಗದು. ಪಕ್ಕದವರು ಸಿಂಪಡಿಸಿದ ಔಷಧಿ ಗಾಳಿಗೆ ತೇಲಿ ಬಾರದಂತೆ ಬದುವಿನಗುಂಟ ಜಾಗ ಬಿಡಬೇಕು. ವಿಶಾಲ ಎಸ್ಟೇಟಿಗೆ ಲೆಕ್ಕಕ್ಕಿಲ್ಲದ ಆ ಪಟ್ಟಿ ಎರಡೆಕರೆಯವರಿಗೆ ದೊಡ್ಡ ನಷ್ಟ. ರೈತರನ್ನು ಗುಂಪಾಗಿಸಿ ಒಟ್ಟಿಗೆ ದೃಢೀಕರಿಸುವ ಪದ್ಧತಿ ಖರ್ಚನ್ನು ತಗ್ಗಿಸಿತಾದರೂ, ಪ್ರಮಾಣಪತ್ರ ಎಷ್ಟೋ ಕಡೆ ಗುಂಪನ್ನು ಕಟ್ಟಿದ ಕಂಪನಿಯ ಹೆಸರಿನಲ್ಲಿ ಉಳಿಯಿತು. ರೈತ ಬೇರೆ ವ್ಯಾಪಾರಿಗೆ ಕೊಟ್ಟರೆ ಅದೇ ಫಸಲು ಸಾಮಾನ್ಯ ಫಸಲಾಗುತ್ತಿತ್ತು.

ಇದಕ್ಕೆ ಎದುರಾಗಿ ಹಳೆಯ ಪರಿಚಯದ ದಾರಿಯೂ ಮತ್ತೆ ತೆರೆಯಿತು. ಜಪಾನಿನಲ್ಲಿ 1970ರ ದಶಕದ ‘ತೇಕೇ’ ಗುಂಪುಗಳು ಬೆಳೆಯುವವರನ್ನೂ ಉಣ್ಣುವವರನ್ನೂ ನೇರ ಬೆಸೆದವು. ಬ್ರೆಜಿಲ್‌ನ ಟೋರೆಸ್‌ನಲ್ಲಿ 2004ರಲ್ಲಿ ನಡೆದ ಸಭೆ, ನಾನಾ ದೇಶಗಳ ಇಂಥ ಪ್ರಯತ್ನಗಳನ್ನು ‘ಸಹಭಾಗಿತ್ವದ ಖಾತರಿ’ ಎಂಬ ಒಂದೇ ಚೌಕಟ್ಟಿಗೆ ತಂದಿತು. ಭಾರತದ ಕೃಷಿ ಸಚಿವಾಲಯ 2011ರಲ್ಲಿ ಪಿಜಿಎಸ್-ಇಂಡಿಯಾ ಆರಂಭಿಸಿತು: ಐದು ಮಂದಿಗೆ ಕಡಿಮೆಯಿಲ್ಲದ ರೈತರ ಗುಂಪು, ಒಬ್ಬರ ಹೊಲವನ್ನು ಉಳಿದವರು ನೋಡಿ ಸಹಿ ಹಾಕುವ ಕ್ರಮ. ನೆರೆಯವನ ಕಣ್ಣು ವರ್ಷಕ್ಕೊಮ್ಮೆ ಬರುವ ತಪಾಸಣೆಗಾರನ ಕಣ್ಣಿಗಿಂತ ಚುರುಕಾಗಿರಬಲ್ಲದು. ಬಂಧುತ್ವ, ಮುಲಾಜಿನಿಂದ ಮುಚ್ಚಿಕೊಳ್ಳಲೂಬಲ್ಲದು. 2017ರ ನಿಯಮಗಳು ಎರಡೂ ಪದ್ಧತಿಗಳನ್ನು ಒಪ್ಪಿ ‘ಜೈವಿಕ್ ಭಾರತ್’ ಎಂಬ ಸಮಾನ ಮುದ್ರೆ ಕೊಟ್ಟವು. ಕರ್ನಾಟಕ ಸಾವಯವ ಕೃಷಿ ನೀತಿಯನ್ನು 2004ರಲ್ಲೇ ಪ್ರಕಟಿಸಿತ್ತು. ಮುಂದೆ ಸರ್ಕಾರದ್ದೇ ಆದ ದೃಢೀಕರಣ ಸಂಸ್ಥೆಯನ್ನೂ ಸ್ಥಾಪಿಸಿತು. ಆದರೆ ತೀರ್ಥಹಳ್ಳಿಯ ಪುರುಷೋತ್ತಮ ರಾವ್, ದೊಡ್ಡಬಳ್ಳಾಪುರ ತಾಲ್ಲೂಕಿನ ಎಲ್. ನಾರಾಯಣ ರೆಡ್ಡಿ ಅಂಥವರ ತೋಟಗಳಿಗೆ ಜನ ಹೋದದ್ದು ಮುದ್ರೆ ನೋಡಲು ಅಲ್ಲ, ಮಣ್ಣು ಮುಟ್ಟಿ ಕಲಿಯಲು.

ಕಾಗದದ ನಂಬಿಕೆಗೆ ಪೆಟ್ಟೂ ಬಿದ್ದಿದೆ. 2021ರ ಜನವರಿಯಲ್ಲಿ ಅಮೆರಿಕ ನಮ್ಮ ವ್ಯವಸ್ಥೆಗೆ ಕೊಟ್ಟಿದ್ದ ಮಾನ್ಯತೆಯನ್ನು ಕೊನೆಗೊಳಿಸಿತು. ಎಳ್ಳು ಮೊದಲಾದ ಸರಕಿನಲ್ಲಿ ಎಥಿಲೀನ್ ಆಕ್ಸೈಡ್ ಪತ್ತೆಯಾದ ಪ್ರಕರಣಗಳ ಬೆನ್ನಿಗೆ ಯುರೋಪ್ 2022ರ ಆರಂಭದಿಂದ ಭಾರತದ ಐದು ದೃಢೀಕರಣ ಸಂಸ್ಥೆಗಳನ್ನು ತನ್ನ ಪಟ್ಟಿಯಿಂದ ಕೈಬಿಟ್ಟಿತು. ಆ ಅನಿಲ ಹೊಲದಲ್ಲಿ ಬಳಸುವಂಥದ್ದಲ್ಲ, ಕೊಯ್ಲಾದ ಮೇಲೆ ಸೂಕ್ಷ್ಮಾಣು ಕೊಲ್ಲಲು ಬಳಸುವಂಥದ್ದು. ಆದರೂ ಮಾರುಕಟ್ಟೆ ಕಳೆದುಕೊಂಡವರಲ್ಲಿ ನಿಯಮ ಪಾಲಿಸಿದ ರೈತರೂ ಸೇರಿದ್ದರು. 2025ರ ಜನವರಿಯಲ್ಲಿ ಬಿಡುಗಡೆಯಾದ ರಾಷ್ಟ್ರೀಯ ಕಾರ್ಯಕ್ರಮದ ಎಂಟನೇ ಆವೃತ್ತಿ ಬೆಳೆಗಾರರ ಗುಂಪುಗಳಿಗೆ ಕಾನೂನಿನ ಅಸ್ತಿತ್ವ ಕೊಟ್ಟಿದೆ. ಪ್ರಮಾಣಪತ್ರ ರೈತರ ಕೈಗೇ ಬರಲು ಇದು ದಾರಿಯಾದೀತೆಂದು ನಾನು ಆಶಿಸುತ್ತೇನೆ.

ಈ ಚರಿತ್ರೆಯನ್ನು ರೈತರ ಕಡೆಯಿಂದ ಬರೆಯಬೇಕಾದರೆ ಬೇಕಾಗುವ ಆಕರ ಅವರೇ ತುಂಬಿದ ಹೊಲದ ದಿನಚರಿ ಪುಸ್ತಕಗಳು: ಬಿತ್ತಿದ ತಳಿ, ಹಾಕಿದ ಗೊಬ್ಬರದ ಗಾಡಿ ಲೆಕ್ಕ, ಸೊಪ್ಪು ತಂದ ಬೆಟ್ಟ, ಬಂದ ಹುಳ, ಸಿಕ್ಕ ಇಳುವರಿ. ಅಮೆರಿಕದ ನಿಯಮ ಇಂಥ ದಾಖಲೆಗಳನ್ನು 5 ವರ್ಷ ಇಟ್ಟುಕೊಂಡರೆ ಸಾಕೆನ್ನುತ್ತದೆ. ತಪಾಸಣೆಯ ಅಗತ್ಯಕ್ಕೆ ಅದು ಸಾಕಾದೀತು, ಚರಿತ್ರೆಗೆ ಸಾಲದು. ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಮತ್ತು ರಾಜ್ಯ ಪತ್ರಾಗಾರ ಇಲಾಖೆ, ರೈತರ ಒಪ್ಪಿಗೆ ಪಡೆದು, ಗುಂಪುಗಳ ಕಚೇರಿಗಳಲ್ಲಿ ಉಳಿದಿರುವ ಪುಸ್ತಕಗಳನ್ನು ಸಂಗ್ರಹಿಸುವ ಕೆಲಸವನ್ನು ಈಗಲೇ ಕೈಗೆತ್ತಿಕೊಳ್ಳಬೇಕು.